ಹಸಿ ಮರದ ಲಾಳಿ

ದೊಡ್ಡಬಳ್ಳಾಪುರದ ಸರ್ಕಾರಿ ಲಾಳಿ ಕಾರ್ಖಾನೆಗೆ ಅರುಣಾ ಸೇರಿ ಹದಿನೇಳು ವರ್ಷ. ಅಷ್ಟರಲ್ಲಿ ಹನ್ನೊಂದು ಜನ ಎಂ.ಡಿ.ಗಳು ಬಂದು ಹೋಗಿದ್ದರು. ಹನ್ನೆರಡನೆಯವರು ಭಾನುಪ್ರಕಾಶ್. ಅವರ ಕೈಲಿ ಇನ್ನೂ ಎರಡು ನಿಗಮಗಳ ಹೊಣೆ ಇದ್ದುದರಿಂದ ಇಲ್ಲಿಗೆ ಗುರುವಾರ ಮಾತ್ರ ಬರುತ್ತಿದ್ದರು.

ಮಗ್ಗದಲ್ಲಿ ಹೊಕ್ಕಿನ ನೂಲು ಹೊತ್ತು ಅತ್ತಿಂದಿತ್ತ ಓಡುತ್ತದಲ್ಲ, ಆ ಲಾಳಿಯನ್ನು ಇಲ್ಲಿ ಮರದಲ್ಲಿ ಮಾಡಿ ಎರಡೂ ತುದಿಗೆ ಉಕ್ಕಿನ ಮೊನೆ ಕೂರಿಸುತ್ತಿದ್ದರು. ಮರ ಸರಿಯಾಗಿ ಒಣಗಿರಬೇಕು. ಹಸಿ ಉಳಿದರೆ ಆಮೇಲೆ ಕುಗ್ಗಿ, ಮೊನೆ ಸಡಿಲವಾಗುತ್ತದೆ. ಮರ ಒಣಗಿಸುವ ಕೋಣೆಯ ಹೀಟರ್ ನವೆಂಬರ್‌ನಲ್ಲೇ ಕೆಟ್ಟಿತ್ತು. ಹೊಸದಕ್ಕೆ ಕಳಿಸಿದ ಫೈಲು ಬೆಂಗಳೂರಿನ ಕಚೇರಿಯಲ್ಲಿ ಕೂತಿತ್ತು. ಆಡಳಿತ ಮಂಡಳಿ ಸಭೆಗೆ ಎರಡು ಸಲ ಸಾಕಷ್ಟು ಜನ ಬರಲಿಲ್ಲ. ಮೂರನೇ ಸಲ ಸೇರುವಷ್ಟರಲ್ಲಿ ಹಳೆಯ ಎಂ.ಡಿ. ವರ್ಗವಾಗಿ, ಟೆಂಡರ್ ರದ್ದಾಯಿತು.

ಫೆಬ್ರವರಿಯ ಕೊನೆಯ ಗುರುವಾರ ಭಾನುಪ್ರಕಾಶ್ ಅರುಣಾಳನ್ನು ಕರೆಸಿದರು. ಲಾಳಿ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಅವಳದು.

"ಅರುಣಾ ಅವರೇ, ವರ್ಷಕ್ಕೆ ನಲವತ್ತು ಸಾವಿರ ಲಾಳಿ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದೀವಿ. ಇಪ್ಪತ್ತೊಂಬತ್ತು ಸಾವಿರ ಆಗಿದೆ. ಮಾರ್ಚ್ ಮೂವತ್ತೊಂದಕ್ಕೆ ಉಳಿದದ್ದು ಹೆಂಗೆ?"

"ಮರ ಒಣಗಿಲ್ಲ ಸರ್. ಹತ್ತರ ಒಳಗೆ ತೇವ ಇರ್ಬೇಕು, ಮೀಟರ್‌ನಲ್ಲಿ ಹತ್ತೊಂಬತ್ತು ತೋರಿಸ್ತಿದೆ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟ ಮನುಷ್ಯರಲ್ಲ, ಸುಸ್ತಾಗಿದ್ದರು. "ಈ ಸಲ ಗುರಿ ತಪ್ಪಿದ್ರೆ ನಮ್ಮನ್ನ ಮುಚ್ಚೋ ಪಟ್ಟಿಗೆ ಹಾಕ್ತಾರೆ. ಗುತ್ತಿಗೆಯವ್ರನ್ನ ಏಪ್ರಿಲ್‌ನಲ್ಲೇ ಮನೇಗೆ ಕಳಿಸ್ಬೇಕಾಗುತ್ತೆ. ನೀವೇ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಗುತ್ತಿಗೆಯ ಹದಿನಾಲ್ಕು ಜನರಲ್ಲಿ ಕದಿರಮ್ಮ ಒಬ್ಬಳು. ಒಂಬತ್ತು ವರ್ಷದಿಂದ ಅರುಣಾಳ ಎದುರಿಗೇ ಕೂತು ಲಾಳಿಗೆ ಮೊನೆ ಕೂರಿಸುತ್ತಿದ್ದಳು, ಮಧ್ಯಾಹ್ನ ತನ್ನ ಡಬ್ಬಿಯ ಉಪ್ಸಾರು ಹಂಚಿಕೊಂಡೇ ತಿನ್ನುತ್ತಿದ್ದಳು. ಬಿಸಿಲ ಕಾಲ, ನೇಕಾರರ ಮನೆಯಲ್ಲೇ ಒಣಗೀತು ಎಂದುಕೊಂಡು ಅರುಣಾ ಹಸಿ ಮರದ ಮೊದಲ ಎರಡು ಸಾವಿರ ಲಾಳಿಗೆ ಮುದ್ರೆ ಒತ್ತಿಬಿಟ್ಟಳು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಸ್ಕೂಟರ್ ನಿಲ್ಲಿಸಿ ಹತ್ತು ಹೆಜ್ಜೆ ಹೋಗಿ, ಕೀಲಿ ತೆಗೆದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತಿದ್ದಳು. ಮೈದುನ ಚೌಡೇಶನ ಆರು ಮಗ್ಗ ಮನೆಯ ಹಿಂದೆಯೇ ಇದ್ದವು. ಅವನ ಹತ್ತಿರ ಹೋಗಿ, "ಈ ತಿಂಗಳು ನಮ್ಮ ಕಾರ್ಖಾನೆ ಲಾಳಿ ತಗೋಬೇಡಪ್ಪ," ಎಂದಳು.

"ಯಾಕತ್ತಿಗೆ?"

"ಸುಮ್ನೆ. ಹಳೇದ್ರಲ್ಲೇ ಓಡ್ಸು."

ಪಕ್ಕದಲ್ಲೇ ನೂಲು ಸುತ್ತುತ್ತಿದ್ದ ಅತ್ತೆ ವರಲಕ್ಷ್ಮಮ್ಮ ತಲೆಯೆತ್ತಿ ನೋಡಿ, ಮತ್ತೆ ನೂಲು ಸುತ್ತತೊಡಗಿದರು.

ಹನ್ನೆರಡನೇ ದಿನ ಬೆಳಿಗ್ಗೆ ಹಿಂದಿನ ಬೀದಿಯಲ್ಲಿ ಕೂಗಾಟ ಕೇಳಿಸಿತು. ಕೋದಂಡರಾಮಯ್ಯನವರ ಮಗ್ಗದಿಂದ ಲಾಳಿ ಹಾರಿತ್ತು. ಅರುಣಾ ಓಡಿ ಹೋದಾಗ ಅರವತ್ತು ದಾಟಿದ ಆ ಮುದುಕರು ಗೋಡೆಗೊರಗಿ ಕೂತಿದ್ದರು. ಹುಬ್ಬಿನ ಮೇಲೆ ಹಿಡಿದಿದ್ದ ಟವೆಲ್ ಕೆಂಪಾಗಿತ್ತು. ಅರ್ಧ ನೇಯ್ದ ಸೀರೆಯ ಎಳೆಗಳು ಹರಿದು ಜೋತಾಡುತ್ತಿದ್ದವು. ಮೂಲೆಯಲ್ಲಿ ಬಿದ್ದಿದ್ದ ಲಾಳಿಯನ್ನು ಅವಳು ಎತ್ತಿಕೊಂಡಳು. ಒಂದು ತುದಿಯ ಮೊನೆ ಕಳಚಿಹೋಗಿತ್ತು. ಲಾಳಿಯ ಹೊಟ್ಟೆಯ ಮೇಲೆ ಅವಳೇ ಒತ್ತಿದ ಮುದ್ರೆ.

ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು. ಇನ್ನೊಂದು ಬೆರಳಷ್ಟು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು.

ಮನೆಗೆ ಬಂದಾಗ ವರಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದರು.

"ನಮ್ಮನೇಗೆ ಬೇಡ ಅಂದ್ಯಲ್ಲ ಅರುಣಾ. ಬೇರೆಯವರ ಮನೇಗೆ ಹೆಂಗೆ ಕೊಟ್ಟೆ?"

ಅರುಣಾ ಕಾಲು ತೊಳೆಯದೆ, ನೀರೂ ಕುಡಿಯದೆ ಮತ್ತೆ ಸ್ಕೂಟರ್ ಹತ್ತಿದಳು.

ಲಾಳಿ ಮಾರಿದ್ದ ಅಂಗಡಿಗಳಿಂದ ಹೆಸರುಗಳನ್ನು ಬರೆದುಕೊಂಡು, ಮೂರು ದಿನ ರಜೆ ಹಾಕಿ, ಚೌಡೇಶನ ಜೊತೆ ಮಗ್ಗದ ಮನೆಗಳನ್ನೆಲ್ಲ ಸುತ್ತಿದಳು. ಕೆಲವರು ಬೈದರು. "ಮಗ್ಗ ನಿಲ್ಸು ಅಂತೀಯಲ್ಲಮ್ಮ, ಒಪ್ಪಿಕೊಂಡಿರೋ ಸೀರೆ ನೀನು ಬಂದು ನೇಯ್ತೀಯಾ?" ಎಂದಳೊಬ್ಬಾಕೆ. ಒಂದು ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ಅರುಣಾ ಹೊರಗಿನಿಂದಲೇ ಕೂಗಿ ಹೇಳಿದಳು, "ತಪ್ಪು ನಂದು, ಲಾಳಿ ವಾಪಸ್ ಕೊಡಿ." ಎರಡು ಸಾವಿರದಲ್ಲಿ ಸಾವಿರದ ಏಳುನೂರು ಸಿಕ್ಕವು. ಉಳಿದವು ಯಾವ ಊರಿಗೆ ಹೋದವೋ.

ಮುಂದಿನ ವಾರ ನಿಗಮದ ಕೆಲಸ ಅಳೆಯುವ ಸಮಿತಿ ಬಂತು. ಭಾನುಪ್ರಕಾಶ್ ಅವಳನ್ನು ಪಕ್ಕಕ್ಕೆ ಕರೆದು, "ಅವ್ರು ಕೇಳಿದ್ರೆ ಮಾತ್ರ ಮಾತಾಡಿ," ಎಂದರು.

ಸಮಿತಿಯವರು ಕೇಳಲಿಲ್ಲ. ಗೋಡೆಗೆ ಹಾಕಿದ ಲಾಳಿ ಲೆಕ್ಕದ ಪಟ್ಟಿ ನೋಡಿ ತಲೆಯಾಡಿಸಿ, ಬಾದಾಮಿ ಹಾಲು ಕುಡಿದರು. ಏಳುವ ಹೊತ್ತಿಗೆ ಅರುಣಾ ಎದ್ದು ನಿಂತಳು.

"ಸರ್, ಆ ಪಟ್ಟೀಲಿ ಎರಡು ಸಾವಿರ ಲಾಳಿ ಲೆಕ್ಕಕ್ಕೆ ತಗೋಬೇಡಿ. ಹಸಿ ಮರದ್ದು. ನಾನೇ ಮುದ್ರೆ ಒತ್ತಿದ್ದೀನಿ. ಒಬ್ಬರ ಹಣೆ ಒಡೆದಿದೆ. ನಾಲ್ಕು ತಿಂಗಳಿಂದ ಹೀಟರ್ ಇಲ್ಲ. ಗುರಿ ಎಷ್ಟು ಅಂತ ಎಲ್ಲರೂ ಕೇಳ್ತೀರಿ, ಹೀಟರ್ ಎಲ್ಲಿ ಅಂತ ಯಾರೂ ಕೇಳಲ್ಲ."

ಸಮಿತಿಯಲ್ಲಿದ್ದ ವಯಸ್ಸಾದವರೊಬ್ಬರು ಲೋಟ ಕೆಳಗಿಟ್ಟು, "ಆ ಕೋಣೆ ತೋರಿಸಮ್ಮ," ಎಂದರು.

ನಿಗಮಕ್ಕೆ ಕೊನೆಯ ದರ್ಜೆ ಬಂತು. ಅರುಣಾಳಿಗೆ ಮೆಮೊ ಕೊಟ್ಟು, ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದರು. ಭಾನುಪ್ರಕಾಶ್ ಮೇ ತಿಂಗಳಲ್ಲಿ ವರ್ಗವಾದರು. ಹೋಗುವ ಮುಂಚೆ ಹೀಟರ್ ಫೈಲಿಗೆ ಸಹಿ ಹಾಕಿ ತಾವೇ ಸಚಿವಾಲಯಕ್ಕೆ ಒಯ್ದರು ಎಂದು ಗುಮಾಸ್ತರು ಹೇಳಿದರು. ಕಾರ್ಖಾನೆ ಮುಚ್ಚಲಿಲ್ಲ, ಒಂದು ವರ್ಷ ನೋಡೋಣ ಎಂದು ಬಿಟ್ಟರು. ಆದರೆ ಗುತ್ತಿಗೆಯ ಹದಿನಾಲ್ಕು ಜನ ಏಪ್ರಿಲ್ ಒಂದರಂದೇ ಮನೆಗೆ ಹೋದರು. ಕದಿರಮ್ಮ ತನ್ನ ಡಬ್ಬಿ ಚೀಲ ಎತ್ತಿಕೊಂಡು ಅರುಣಾಳ ಮುಖ ನೋಡದೆ ಗೇಟು ದಾಟಿದಳು.

ಆಗಸ್ಟ್‌ನಲ್ಲಿ ಹೊಸ ಹೀಟರ್ ಬಂದು, ನಿಂತಿದ್ದ ಕೆಲಸ ಮತ್ತೆ ಶುರುವಾಯಿತು. ಹಳಬರನ್ನು ಕರೆಯಲು ಅಪ್ಪಣೆ ಸಿಕ್ಕಿತು. ಅರುಣಾ ತಾನೇ ಕದಿರಮ್ಮನ ಮನೆಗೆ ಹೋದಳು. ಅವಳು ಹೊಸದಾಗಿ ಸೇರಿದ್ದ ಗಾರ್ಮೆಂಟ್ಸ್ ಕೆಲಸದಿಂದ ಆಗ ತಾನೇ ಬಂದು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು.

"ವಾಪಸ್ ಬಾ ಕದಿರಮ್ಮ."

"ಬರಲ್ಲ ಮೇಡಂ. ನೀವು ಮಾಡಿದ್ದು ತಪ್ಪು ಅಂತ ಅಲ್ಲ." ಅವಳು ಪಾದ ನೀವಿಕೊಂಡಳು. "ಒಂಬತ್ತು ವರ್ಷವೂ ಮಾರ್ಚ್ ಬಂದ್ರೆ, ಮುಂದಕ್ಕೆ ಇಟ್ಕೋತಾರೋ ಇಲ್ವೋ ಅಂತ ನಂಗೆ ಅನ್ನ ಇಳೀತಿರ್ಲಿಲ್ಲ. ಇನ್ನು ಆಗಲ್ಲ."

ಅರುಣಾ ಅವಳ ಪಕ್ಕದಲ್ಲೇ ಕೂತಳು. ಕದಿರಮ್ಮ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಕುಡಿದು ಮುಗಿಸುವವರೆಗೂ ಇಬ್ಬರೂ ಕಾರ್ಖಾನೆಯ ಮಾತೆತ್ತಲಿಲ್ಲ.