ಉಪ್ಪಿಲ್ಲದ ಮನೆಯ ಕಾಮಕಸ್ತೂರಿ

ಅತ್ತೆಯೊಬ್ಬಳು ಸೊಸೆಯನ್ನು ಹೊಗಳಿದರೆ ಜನ ಅವಳನ್ನು ಮೇಲಿಂದ ಕೆಳಗೆ ನೋಡುತ್ತಾರೆ, ಇವಳಿಗೇನೋ ಆಗಿದೆ ಅಂತ. ಆಗಲಿ ಬಿಡಿ, ನಾನು ಹೊಗಳುವವಳೇ. ನನ್ನ ನಾಲಿಗೆ ಎಂಥದೆಂದು ನೆಂಟರಿಷ್ಟರಿಗೆಲ್ಲ ಗೊತ್ತು; ಅದರಿಂದ ಒಂದು ಒಳ್ಳೆಯ ಮಾತು ಉದುರಬೇಕಾದರೆ ಎದುರಿನವರು ಬಹಳ ಬೆವರು ಸುರಿಸಿರಬೇಕು. ಈ ಹುಡುಗಿ ಸುರಿಸಿದ್ದಾಳೆ. ಉಪ್ಪುಖಾರ ಹಚ್ಚಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಚ್ಚೋಣ ಎಂದರೂ ನಮ್ಮ ಮನೆಯಲ್ಲಿ ಉಪ್ಪಿಲ್ಲ.

ಅವಳು ಕೂದಲು ಕತ್ತರಿಸುವವಳು. ಔಷಧಿ ಅಂಗಡಿಯ ಪಕ್ಕದ ಪಾರ್ಲರ್ ಅವಳದೇ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ನಮ್ಮ ಯಜಮಾನರು ಅಡುಗೆಯವರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ತಲೆ ನರೆಯುವವರೆಗೂ, ಆಳೆತ್ತರದ ಉರಿಯ ಮುಂದೆ ನಿಂತವರು. ಮಗ ಇವಳನ್ನೇ ಮದುವೆಯಾಗುತ್ತೇನೆ ಎಂದಾಗ ಅವರು ಜಾತಕ ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ಅಲ್ಲಯ್ಯಾ, ಊಟದಲ್ಲಿ ಒಂದು ಕೂದಲು ಬೀಳದ ಹಾಗೆ ಜೀವನಪೂರ್ತಿ ಕಾಯ್ದೋನು ನಾನು. ನೀನು ನೋಡಿದ್ರೆ ಕೂದಲಿನ ಅಂಗಡೀನೇ ಮನೆಗೆ ತರ್ತಿದೀಯಲ್ಲೋ!"

ಮದುವೆಯಾಗಿ ಬಂದ ಮರುದಿನ ಅವಳು ತಲೆಗೆ ಬಟ್ಟೆ ಬಿಗಿದುಕೊಂಡು ಅಡುಗೆಮನೆಗೆ ಬಂದಳು. "ಮಾವ, ಹೆದರಬೇಡಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡ್ತೀನಿ" ಅಂದಳು. ಅವರು ನಗಲಿಲ್ಲ. ನಾನು ಗೋಡೆ ಕಡೆ ತಿರುಗಿ ನಕ್ಕೆ. ಅಲ್ಲಿಂದ ಅವಳನ್ನು ಕಂಡರೆ ನನಗೆ ಒಳಗೊಳಗೇ ಇಷ್ಟ, ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಇನ್ನು ಉಪ್ಪಿನ ವಿಷಯ. ನಮ್ಮವರು ಉಪ್ಪನ್ನು ಎಂದೂ ಅಳೆದವರಲ್ಲ. ಡಬ್ಬಕ್ಕೆ ಕೈ ಹಾಕಿ, ಮುಷ್ಟಿ ಹಿಡಿದು, ಕುದಿಯುವ ಹಂಡೆಗೆ ಎಸೆದರೆ ಮುಗಿಯಿತು. ಕ್ಯಾಂಟೀನಿನ ಟೇಬಲ್ ಮೇಲೆ ಉಪ್ಪಿನ ಬಟ್ಟಲು ಇಡಲು ಅವರು ಬಿಟ್ಟಿರಲಿಲ್ಲ. ಅದು ಅಡುಗೆಯವನ ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಿದ್ದರು. ಅಂಥವರಿಗೆ ಡಾಕ್ಟರು ಹೇಳಿದ್ದು ಏನು? ಹೃದಯ ದಣಿದಿದೆ, ಕಾಲಿಗೆ ನೀರು ಇಳಿದಿದೆ, ಬದುಕಬೇಕಿದ್ದರೆ ಉಪ್ಪು ಬಿಡಿ ಅಂತ. ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತರು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ತಾಯಿ ಯಾವತ್ತೋ ಹೋದಳು. ಈಗ ಉಪ್ಪೂ ಹೋಯ್ತು" ಅಂದರು.

ಸೊಸೆ ಅವತ್ತೇ ಮನೆಯ ಉಪ್ಪಿನ ಜಾಡಿಯನ್ನು ಪಕ್ಕದ ಮನೆಗೆ ಕೊಟ್ಟುಬಂದಳು. ಒಬ್ಬರು ಸಪ್ಪೆ ತಿನ್ನುವಾಗ ಉಳಿದವರು ರುಚಿ ತಿನ್ನುವುದು ಬೇಡ, ಎಲ್ಲರೂ ಸಪ್ಪೆಯೇ ಅಂದಳು. ಮಗ ಗೊಣಗಿದ, ಅವನ ಗ್ಯಾರೇಜಿನ ಹತ್ತಿರ ಹೋಟೆಲಿದೆ, ಅವನಿಗೇನು. ಕೆಲವು ದಿನ ನಮ್ಮವರು ಸುಮ್ಮನೆ ಉಂಡರು. ನನಗೆ ಆಶ್ಚರ್ಯ. ಆಮೇಲೆ ಬಟ್ಟೆ ನೆನೆಸುವಾಗ ಅವರ ಅಂಗಿ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಉಪ್ಪು! ಬೀಡಿ ಕದ್ದು ಸೇದುವ ಹುಡುಗರ ಹಾಗೆ ಉಪ್ಪು ಕದ್ದು ತಿನ್ನುತ್ತಿದ್ದರು ಪುಣ್ಯಾತ್ಮ. ಊತ ಇಳಿಯದೆ ಕಾಲು ದಿಂಬಿನ ಹಾಗೇ ಇದ್ದದ್ದು ಯಾಕೆಂದು ಆಗ ಗೊತ್ತಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಿಜವಾಗಿತ್ತು.

ನಾನು ಕೂಗಾಡಿದೆ. ಮಗನೂ ಕೂಗಾಡಿದ. ಪೊಟ್ಟಣ ಹೋಯಿತು, ಅದರ ಜೊತೆಗೆ ಅವರ ಊಟವೂ ಹೋಯಿತು. ಎರಡು ತುತ್ತು ಬಾಯಿಗೆ ಹಾಕಿಕೊಂಡು ತಟ್ಟೆ ಸರಿಸುವುದು, ಗೋಡೆ ಕಡೆ ಮುಖ ಮಾಡಿ ಮಲಗುವುದು. ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣತೊಡಗಿತು. ನಾನು ಬೈದೆ, ಬೇಡಿಕೊಂಡೆ, ಕಣ್ಣೀರಿಟ್ಟೆ. ಹುಟ್ಟಿದಾರಭ್ಯ ಅವರು ಯಾರ ಮಾತಿಗೂ ಸೊಪ್ಪು ಹಾಕಿದವರಲ್ಲ. "ರುಚಿ ಇಲ್ಲದೆ ಎಷ್ಟು ದಿನ ಎಳೆದರೂ ಅಷ್ಟೆ ಕಣೇ. ಬಿಟ್ಟುಬಿಡು ನನ್ನ" ಅಂದರು. ಅದನ್ನು ಅವರು ಕೋಪದಲ್ಲಿ ಹೇಳಿದ್ದರೆ ನಾನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಸಮಾಧಾನವಾಗಿ ಹೇಳಿದರು.

ಸೊಸೆ ಮಾತ್ರ ಬೈಯಲಿಲ್ಲ, ಅಳಲಿಲ್ಲ. ಪಾರ್ಲರಿಗೆ ಬರುವ ಹೆಂಗಸೊಬ್ಬಳಿಂದ ನಾಲ್ಕಾರು ಕಡ್ಡಿ ತಂದು ನೀರಿನ ಲೋಟದಲ್ಲಿ ಇಟ್ಟಳು. ಬದನೆಕಾಯಿ ಬಣ್ಣದ ಎಲೆ, ಮುಟ್ಟಿದರೆ ಲವಂಗದ ಹಾಗೆ, ಸೋಂಪಿನ ಹಾಗೆ ಏನೋ ಒಂದು ಘಮ. "ಅತ್ತೆ, ಇದು ಕಾಮಕಸ್ತೂರಿ. ಹಸಿರು ಎಲ್ಲರೂ ನೋಡಿರ್ತಾರೆ, ಇದು ನೇರಳೆ ಜಾತಿ" ಅಂದಳು. ಒಳಗಿನಿಂದ ನಮ್ಮವರ ದನಿ ಬಂತು: "ಈ ವಯಸ್ಸಲ್ಲಿ ನನಗೆ ಕಾಮಾನೂ ಬೇಡ, ಕಸ್ತೂರೀನೂ ಬೇಡ." ಎಷ್ಟೋ ದಿನದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಲೋಟದಲ್ಲಿ ಬಿಳಿ ಬೇರು ಒಡೆಯಿತು. ಪಾರ್ಲರಿನಲ್ಲಿ ಖಾಲಿಯಾದ ಹೇರ್ ಡೈ ಡಬ್ಬಿಗಳನ್ನು ತೊಳೆದು, ತಳಕ್ಕೆ ಕಾದ ಮೊಳೆಯಿಂದ ತೂತು ಮಾಡಿ, ಮಣ್ಣು ತುಂಬಿ ನೆಟ್ಟಳು. ಬಿಸಿಲು ಬರುವ ಕಿಟಕಿ ನಮ್ಮ ಮನೆಯಲ್ಲಿ ಒಂದೇ, ಅದು ಯಜಮಾನರ ಕೋಣೆಯದು. ಕೇಳದೆ ಮಾಡದೆ ಅಲ್ಲೇ ಜೋಡಿಸಿಟ್ಟಳು. ಗಿಡಗಳು ಕಪ್ಪು ನೇರಳೆಗೆ ತಿರುಗಿ ಮಿರಮಿರ ಮಿಂಚತೊಡಗಿದವು.

"ಡಬ್ಬೀಲಿ ಉಳಿದಿದ್ದ ಬಣ್ಣಾನ ಗಿಡ ಕುಡಿದಿದೆ. ಇದನ್ನ ನಾನು ತಿನ್ಬೇಕಾ?" ಅಂದರು ಇವರು. ನಿಜವಾಗಿಯೂ ನಂಬಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿಗೆ ವಾದ ಮಾಡಿ ಏನು ಪ್ರಯೋಜನ? ಅವಳು ವಾದ ಮಾಡಲಿಲ್ಲ. ಒಂದು ಡಬ್ಬಿಯನ್ನು ಮಾತ್ರ ಎತ್ತಿ, ಅದೇ ಕೋಣೆಯ ಕತ್ತಲು ಮೂಲೆಯಲ್ಲಿ, ಕಪಾಟಿನ ಮೇಲೆ ಇಟ್ಟಳು. ಅದರ ಹೊಸ ಚಿಗುರು ಹಸಿರಾಗಿ ಬಂತು. ಅದೇ ಡಬ್ಬಿ, ಅದೇ ಗಿಡ, ಬಿಸಿಲಿಲ್ಲ ಅಷ್ಟೆ. ಗೋಡೆ ಕಡೆ ಮಲಗುತ್ತಿದ್ದವರು ಈಗ ಕಪಾಟಿನ ಕಡೆ ಮಲಗತೊಡಗಿದ್ದು ನನ್ನ ಕಣ್ಣಿಗೆ ಬಿತ್ತು. ನೋಡದವರ ಹಾಗೆ ನೋಡುತ್ತಿದ್ದರು.

ಅವಳು ಗಿಡ ಚಿವುಟುವುದನ್ನು ನೀವು ನೋಡಬೇಕು. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಕಿಟಕಿಯ ಮುಂದೆ ನಿಂತು, ತಲೆ ಓರೆ ಮಾಡಿ, ಗಿರಾಕಿಯ ತಲೆ ನೋಡುವ ಹಾಗೆ ನೋಡುತ್ತಾಳೆ. ಜೋಡಿ ಎಲೆಯ ಮೇಲಕ್ಕೆ ಸರಿಯಾಗಿ ಉಗುರು ಇಟ್ಟು ತುದಿ ತೆಗೆಯುತ್ತಾಳೆ. ಒಂದು ತುದಿ ಹೋದ ಕಡೆ ಎರಡು ಚಿಗುರು. ಹೂವಿನ ತೆನೆ ತಲೆ ಎತ್ತಿತೋ, ಅದೂ ಹೋಯಿತು. ಹೂ ಬಿಟ್ಟರೆ ಎಲೆ ಸಣ್ಣದಾಗಿ ಕಹಿ ಬರುತ್ತದಂತೆ. ಕಡ್ಡಿಯ ಹಾಗಿದ್ದ ಗಿಡ ಅವಳ ಕೈಯಲ್ಲಿ ಪೊದೆಯಾಯಿತು. ನಾನು ಚಿವುಟಿದ್ದ ಒಂದು ಗಿಡ ಮಾತ್ರ ಒಂದು ಕಡೆ ಬೋಳಾಗಿ ನಿಂತಿತ್ತು. ಕೈಗುಣ ಎನ್ನುವುದು ಇದೆ, ಇಲ್ಲ ಅನ್ನಬೇಡಿ.

ಆದರೆ ಅಡುಗೆಯಲ್ಲಿ ಮೊದಲ ಸಲ ಎಡವಿದಳು. ಕುದಿಯುವ ಆಲೂಗಡ್ಡೆ ಸೂಪಿಗೆ ಎಲೆಗಳನ್ನು ಹಾಕಿ ಇನ್ನಷ್ಟು ಕುದಿಸಿದಳು. ಆ ಚಂದದ ನೇರಳೆಯೆಲ್ಲ ಎಲ್ಲಿ ಹೋಯಿತೋ, ಸೂಪು ಬೂದು ಬಣ್ಣಕ್ಕೆ ತಿರುಗಿತು. ನಮ್ಮವರು ಚಮಚೆಯಲ್ಲಿ ಕಲಕಿ ನೋಡಿ, "ಇದನ್ನ ಕುಡಿಯೋದಾ, ಇದರಲ್ಲಿ ಪಾತ್ರೆ ತೊಳೆಯೋದಾ?" ಅಂದರು. ಸೊಸೆ ಬಟ್ಟಲು ಎತ್ತಿಕೊಂಡು ಹೋದಳು. ಅವತ್ತು ಅವರು ಏನೂ ಉಣ್ಣಲಿಲ್ಲ. ನನಗೆ ಆ ಗಿಡಗಳನ್ನೆಲ್ಲ ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತ್ತು.

ಅವಳು ಎಸೆಯಲಿಲ್ಲ. ಕೈತುಂಬ ಎಲೆ ಕಿತ್ತು, ತೊಳೆದು, ಬಟ್ಟೆಯ ಮೇಲೆ ಆರಿಸಿ, ಗಾಜಿನ ಬಾಟಲಿಗೆ ತುಂಬಿ ಮೇಲೆ ಬಿಳಿ ವಿನೆಗರ್ ಸುರಿದಳು. ಮರುದಿನ ನೋಡಿದರೆ ಬಾಟಲಿ ಗುಲಾಬಿ. ಮತ್ತೆರಡು ದಿನಕ್ಕೆ ದಾಳಿಂಬೆ ರಸದ ಬಣ್ಣ. ಇಷ್ಟು ವರ್ಷ ಅಡುಗೆಮನೆಯಲ್ಲಿ ಸವೆದ ನಾನು ಅಷ್ಟು ಚಂದದ ವಸ್ತುವನ್ನು ಅಲ್ಲಿ ಕಂಡಿರಲಿಲ್ಲ. ಕಿಟಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ, ಚಿಕ್ಕ ಹುಡುಗಿಯ ಹಾಗೆ.

ಆ ಭಾನುವಾರ ಅವಳು ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಸೌತೆಕಾಯಿ, ಈರುಳ್ಳಿ ಎಲ್ಲ ಹೆಚ್ಚಿ, ಬೋಗುಣಿಯನ್ನು ಎತ್ತಿಕೊಂಡು ನೇರವಾಗಿ ಅವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ತಲೆಗೆ ಬಟ್ಟೆ ಕಟ್ಟಿತ್ತು. ನಾನು ಬಾಗಿಲಲ್ಲಿ ನಿಂತೆ.

"ಮಾವ, ನನಗೆ ಇದು ಹದ ಸಿಗ್ತಿಲ್ಲ. ತಿನ್ನಬೇಡಿ, ರುಚಿ ನೋಡಿ ಹೇಳಿ ಸಾಕು. ಏನು ಕಮ್ಮಿ ಆಗಿದೆ?"

"ಉಪ್ಪು" ಅಂದರು, ನೋಡದೆಯೇ.

"ಅದು ಬಿಟ್ಟು?"

ನಮ್ಮವರು ಈಗ ಬೋಗುಣಿಯ ಕಡೆ ತಿರುಗಿದರು. ಅದು ಬಿಟ್ಟು ಏನು ಕಮ್ಮಿ ಅಂತ ಯಾರೂ ಅವರನ್ನು ಕೇಳಿರಲಿಲ್ಲ. ನಾವೆಲ್ಲ ತಿನ್ನಿ ತಿನ್ನಿ ಎಂದು ಪ್ರಾಣ ತಿಂದಿದ್ದೆವೇ ಹೊರತು, ಅಡುಗೆಯವನನ್ನು ಅಡುಗೆ ಕೇಳಿರಲಿಲ್ಲ. ಅವರು ನಿಧಾನವಾಗಿ ಎದ್ದು ಕೂತು ಒಂದು ಚೂರು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಕ್ಯಾಂಟೀನಿನಲ್ಲಿ ರುಚಿ ನೋಡುವಾಗಲೂ ಹಾಗೆಯೇ ಕಣ್ಣು ಮುಚ್ಚುತ್ತಿದ್ದರಂತೆ.

"ಹುಳಿ ಸಾಲದು. ಎಲ್ಲಿ ನಿನ್ನ ಆ ಶಾಂಪೂ ಬಾಟಲಿ?"

"ಶಾಂಪೂ ಅಲ್ಲ ಮಾವ, ವಿನೆಗರ್."

"ಏನೋ ಒಂದು. ಕೊಡು ಇಲ್ಲಿ."

ಹೆಬ್ಬೆರಳು ಬಾಟಲಿ ಬಾಯಿಗೆ ಅಡ್ಡ ಹಿಡಿದು ತೊಟ್ಟು ತೊಟ್ಟಾಗಿ ಬಿಟ್ಟರು. ಆಲೂಗಡ್ಡೆಯ ಅಂಚು ಗುಲಾಬಿಯಾಯಿತು. "ಈರುಳ್ಳೀನ ಮೊದಲೇ ಇದರಲ್ಲಿ ನೆನೆಹಾಕ್ಬೇಕು, ದಡ್ಡಿ. ಘಾಟು ಸಾಯುತ್ತೆ, ಸಿಹಿ ಏಳುತ್ತೆ. ಮೆಣಸು ಕುಟ್ಟಿದ್ದು ಇದೆಯಾ? ಪುಡಿ ಬೇಡ, ತರಿಯಾಗಿರ್ಲಿ." ಅವಳು ಓಡಿದಳು, ತಂದಳು. ಕೊನೆಗೆ ಅವರು ಕಿಟಕಿಗೆ ಕೈ ಚಾಚಿ ತಾವೇ ನಾಲ್ಕು ಎಲೆ ಕಿತ್ತರು. ಅವಳು ಚಾಕು ಕೊಡಲು ಹೋದಳು.

"ಚಾಕು ತಾಕಿದ್ರೆ ಅಂಚು ಕಪ್ಪಾಗುತ್ತೆ. ಕೈಯಲ್ಲಿ ಹರೀಬೇಕು, ತಿನ್ನೋ ಹೊತ್ತಿಗೆ ಹರೀಬೇಕು. ಕುದಿಸಿ ಕೊಂದೆಯಲ್ಲ ಅವತ್ತು!"

ಬೋಗುಣಿಯಲ್ಲಿ ಬಿಳಿ, ಕೆಂಪು, ಮೇಲೆ ಆ ಕಡು ನೇರಳೆ. ಅವರು ಮತ್ತೆ ರುಚಿ ನೋಡಿದರು. ಮತ್ತೊಂದು ಚಮಚೆ. "ಉಪ್ಪಿನ ರುಚಿ ಅಲ್ಲ ಬಿಡು. ಉಪ್ಪು ಉಪ್ಪೇ. ಆದ್ರೂ ನಾಲಿಗೆ ಎಚ್ಚರ ಆಯ್ತು" ಅಂದರು. ರುಚಿ ನೋಡುತ್ತ ನೋಡುತ್ತಲೇ ಅರ್ಧ ಬೋಗುಣಿ ಖಾಲಿ ಮಾಡಿದರು. ಸೊಸೆಗೆ ನಿಜವಾಗಿಯೂ ಹದ ಸಿಕ್ಕಿರಲಿಲ್ಲವೋ, ಬೇಕೆಂದೇ ಕೆಡಿಸಿ ತಂದಿದ್ದಳೋ, ನಾನು ಇವತ್ತಿನವರೆಗೂ ಕೇಳಿಲ್ಲ. ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತ ಗಿರಾಕಿಯ ಕೈಗೆ ಕನ್ನಡಿ ಕೊಟ್ಟುಬಿಡಬೇಕು, ಆಮೇಲೆ ಅವರೇ ಮಾತಾಡುತ್ತಾರೆ ಅಂತ ಅವಳು ಒಮ್ಮೆ ಹೇಳಿದ್ದು ಮಾತ್ರ ನನಗೆ ನೆನಪಿದೆ. ನಾನು ಅವರನ್ನು ಗಂಡ ಎಂದು ನೋಡಿದೆ, ಮಗ ಅಪ್ಪ ಎಂದು ನೋಡಿದ, ಡಾಕ್ಟರು ರೋಗಿ ಎಂದು ನೋಡಿದರು. ಅವರು ಅಡುಗೆಯವರು ಎಂದು ನೆನಪಿಟ್ಟುಕೊಂಡವಳು, ಅವರು ಬೇಡವೆಂದಿದ್ದ ಈ ಹುಡುಗಿ. ಇದಕ್ಕಿಂತ ದೊಡ್ಡ ಬುದ್ಧಿ ನಾನು ಎಲ್ಲೂ ಕಂಡಿಲ್ಲ.

ಆಮೇಲೆ ಮಾವ ಸೊಸೆಯರ ಜಗಳ ಶುರುವಾಯಿತು, ದೇವರು ಒಳ್ಳೆಯದು ಮಾಡಲಿ. ಬಾಟಲಿಗೆ ಎರಡು ಬೆಳ್ಳುಳ್ಳಿ ಎಸಳು ಹಾಕಬೇಕೋ ಬೇಡವೋ ಅಂತ ಒಂದು ಇಡೀ ಸಂಜೆ ವಾದ. ಮೊಟ್ಟೆಯ ಮೇಲೆ ಎಲೆ ಯಾವಾಗ ಉದುರಿಸಬೇಕು ಅಂತ ವಾದ. ಬೇಯಿಸಿದ ಹುರುಳಿಕಾಯಿಗೆ ಒಂದು ಚಮಚೆ ಗುಲಾಬಿ ವಿನೆಗರ್ ಬಿಸಿ ಇರುವಾಗಲೇ ಹಾಕಿದರೆ ಒಳಗೆ ಇಳಿಯುತ್ತದೆ ಎಂದು ಇವರು ಕಂಡುಹಿಡಿದದ್ದನ್ನು ಪಕ್ಕದ ಮನೆಯವರು ಬಂದು ಕಲಿತುಕೊಂಡು ಹೋದರು. ಬಟ್ಟೆ ಒಗೆಯುವಾಗ ಜೇಬು ತಡವುತ್ತೇನೆ. ಒಣಗಿದ ಎಲೆ ಸಿಗುತ್ತದೆ. ಕಾಲಿನ ಊತ ಇಳಿದು ಕಣಕಾಲಿನ ಗಂಟು ಕಂಡಾಗ ಡಾಕ್ಟರು, ಏನು ಮಾಡಿದಿರಿ ಅಂದರು. ಇವರು ಬಹಳ ಗತ್ತಿನಿಂದ, "ನಮ್ಮ ಸೊಸೆ ಹತ್ರ ಕೇಳಿ" ಅಂದರು.

ಮೊನ್ನೆ ಚಳಿ ಹತ್ತಿರವಾಗುತ್ತಿದ್ದಂತೆ ಗಿಡಗಳು ಸೋಲತೊಡಗಿದವು. ಕೆಳಗಿನ ಎಲೆ ಉದುರುತ್ತಿತ್ತು. ಈ ಗಿಡದ ಆಯಸ್ಸೇ ಇಷ್ಟು, ಚಳಿ ತಡೆಯಲ್ಲ ಅಂದಳು ಸೊಸೆ. ಗಿಡ ಹೋದರೆ ಇವರು ಮತ್ತೆ ಗೋಡೆ ಕಡೆ ತಿರುಗಿ ಮಲಗಿದರೆ? ಇವರು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವಳು ಒಂದೊಂದೇ ಗಿಡದ ಹೂ ಚಿವುಟುತ್ತ ಬಂದು, ಒಂದು ಗಿಡದ ತೆನೆಯನ್ನು ಮಾತ್ರ ಮುಟ್ಟದೆ ಬಿಟ್ಟಳು. ಗುರುತಿಗೆ ಅದಕ್ಕೊಂದು ದಾರ ಕಟ್ಟುತ್ತಿದ್ದಳು.

"ಅದ್ಯಾಕೆ ಬಿಟ್ಟೆ?" ಇವರು ಕೇಳಿದರು.

"ಬೀಜಕ್ಕೆ ಮಾವ. ಮುಂದಿನ ವರ್ಷಕ್ಕೆ ಬೇಕಲ್ಲ."

ನಾನು ಕೈಯಲ್ಲಿದ್ದ ಈರುಳ್ಳಿ ಹಾಗೇ ಹಿಡಿದುಕೊಂಡು ನಿಂತೆ. ಗಿಡವನ್ನು, ದಾರವನ್ನು, ಹೊರಗಿನ ಬಿಸಿಲನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಂಟೀನಿನಲ್ಲಿ ನಾಳೆಯ ದಿನಸಿ ಹೇಳುವ ದನಿಯಲ್ಲಿ ಅಂದರು:

"ಒಂದು ಸಾಲದು ಕಣಮ್ಮ. ಬೀಜದಲ್ಲಿ ಅರ್ಧ ಹಸಿರು ಜಾತಿಯಾಗಿ ಹುಟ್ಟುತ್ತೆ, ಇನ್ನರ್ಧ ಇರುವೆ ತಿನ್ನುತ್ತೆ. ಇಡೀ ವರ್ಷಕ್ಕೆ ಬೇಕು ನನಗೆ. ಎರಡು ಬಿಡು."

ನನ್ನ ಸೊಸೆ ಕಣ್ಣು ಒರೆಸಿಕೊಂಡು, ಹಲ್ಲಿನಲ್ಲಿ ದಾರ ಕಡಿದು, ಇನ್ನೊಂದು ತೆನೆಗೂ ಕಟ್ಟಿದಳು.