ಮೆಗಾನೋರನ ತೊಡೆಮೂಳೆ

ಮಣ್ಣು ಅಗೆಯುವವಳಿಗೆ ಮೂಳೆ ಸಿಗುವುದೇನೂ ದೊಡ್ಡ ಸಂಗತಿಯಲ್ಲ. ಸಾಮೋಸ್ ದ್ವೀಪದ ಒಂದು ಇಳಿಜಾರಿನಲ್ಲಿ ಕುಂಬಾರಗಿತ್ತಿ ಫಿಲಿನ್ನಾ ಮಡಕೆಯ ಮಣ್ಣಿಗಾಗಿ ಇಪ್ಪತ್ತು ವರ್ಷದಿಂದ ಗುದ್ದಲಿ ಹಾಕುತ್ತಿದ್ದಳು. ಕುರಿಯದು, ನಾಯಿಯದು, ಏನೇನೋ ಎದ್ದಿದ್ದವು. ಆದರೆ ಈ ಸಲ ಎದ್ದ ತೊಡೆಮೂಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಅವಳ ಎದೆಯವರೆಗೆ ಬಂತು.

ಮಧ್ಯಾಹ್ನದೊಳಗೆ ಸುದ್ದಿ ಊರು ಸೇರಿತು. ಸುದ್ದಿಯ ಹಿಂದೆಯೇ ಎಪಿಕ್ಲೆಸ್ ಓಡಿಬಂದ. ಅವನು ಮೆಗಾನೋರನ ವಂಶದ ಹಿರಿಯ. ಮೆಗಾನೋರ ಸಮುದ್ರದೇವನ ಮಗ, ಹತ್ತು ಮೊಳದ ಆಳು, ದ್ವೀಪಕ್ಕೆ ಮೊದಲು ಕಾಲಿಟ್ಟವನು ಎಂದು ಊರೆಲ್ಲ ನಂಬಿತ್ತು. ಅವನ ಸಮಾಧಿ ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಎಪಿಕ್ಲೆಸನೋ ಗಿಡ್ಡ, ಫಿಲಿನ್ನಾಳ ಭುಜಕ್ಕೆ ಬರುತ್ತಿದ್ದ. ಅಂಗಡಿಬೀದಿಯಲ್ಲಿ ಅವನ ಬೆನ್ನ ಹಿಂದೆ ಜನ ಗಾಳಿಯಲ್ಲೇ ಮೊಳ ಹಾಕಿ ನಗುತ್ತಿದ್ದರು. ಈಗ ಅವನು ಮೂಳೆಯ ಪಕ್ಕ ಮಂಡಿಯೂರಿ, ಮುಟ್ಟಲೋ ಬೇಡವೋ ಎಂದು ಕೈ ಹಿಂದೆ ಮುಂದೆ ಮಾಡುತ್ತಿದ್ದ.

"ನಮ್ಮಜ್ಜ," ಅಂದ. "ತಲೆ ಸಿಗೋವರೆಗೂ ಅಗಿ ತಾಯಿ. ಸಿಕ್ಕಿದ್ಮೇಲೆ ಸುತ್ತ ಗೋಡೆ ಕಟ್ಟಿಸ್ತೀನಿ. ಆಮೇಲೆ ಇಲ್ಲಿ ಯಾರೂ ಗುದ್ದಲಿ ಹಾಕೋ ಹಾಗಿಲ್ಲ."

ಈ ಮಣ್ಣಿನ ಗುಂಡಿ ಬಿಟ್ಟರೆ ಫಿಲಿನ್ನಾಗೆ ಗತಿಯಿರಲಿಲ್ಲ. ಕೆಳಗಿನ ಹೊಳೆಯ ಮಣ್ಣಿನಲ್ಲಿ ಮಾಡಿದ ಮಡಕೆ ಸುಡುವಾಗ ಆವಿಗೆಯಲ್ಲೇ ಬಿರಿಯುತ್ತಿತ್ತು.

ಎಪಿಕ್ಲೆಸ್ ಹೋದದ್ದೇ ತಡ, ಆವಿಗೆ ನೋಡಿಕೊಳ್ಳುವ ಮೈದುನ ಬ್ರಿಸೋನ್ ಹತ್ತಿರ ಬಂದ. "ಅತ್ತಿಗೆ, ಮುಚ್ಚಿಬಿಡು. ತಲೆ ಸಿಗ್ಲಿಲ್ಲ ಅಂತ ಹೇಳಿದ್ರಾಯ್ತು. ಸತ್ತೋನು ಎದ್ಬಂದು ಸಾಕ್ಷಿ ಹೇಳ್ತಾನಾ?"

"ಅದು ಹೇಗಿದೆ ಅಂತ ನೋಡ್ಬೇಡ್ವೇನೋ?"

"ನೋಡಿ ಏನ್ಮಾಡ್ತೀಯ, ಮುತ್ತು ಕೊಡ್ತೀಯಾ?"

ಅವಳು ಕೇಳಬೇಕಲ್ಲ. ಮುಚ್ಚಿಟ್ಟ ಪಾತ್ರೆ ಕಂಡರೆ ತೆರೆದು ನೋಡದೆ ಬಿಟ್ಟ ಹೆಂಗಸೇ ಅಲ್ಲ ಅವಳು. ಗುದ್ದಲಿ ಬದಿಗಿಟ್ಟು ಬೆರಳಲ್ಲೇ ಕೆದಕಿದಳು. ಮೂರನೆಯ ದಿನ ದವಡೆ ಸಿಕ್ಕಿತು. ಒಂದೊಂದು ಹಲ್ಲೂ ಅಂಗೈಯಗಲ, ಮೇಲೆಲ್ಲ ಏರುತಗ್ಗಿನ ಗೆರೆ. ಎದ್ದು ಹೋಗಿ ತನ್ನ ಕತ್ತೆಯ ಬಾಯಿ ಅಗಲಿಸಿ ನೋಡಿಬಂದಳು. ಅನುಮಾನವೇ ಉಳಿಯಲಿಲ್ಲ. ಇದು ಹುಲ್ಲು ಅರೆಯುವ ಹಲ್ಲು.

ಬ್ರಿಸೋನನಿಗೆ ಹಿಗ್ಗೋ ಹಿಗ್ಗು. "ಗುಂಡಿ ಉಳೀತು. ಯಜಮಾನ್ರ ಅಜ್ಜ ಹುಲ್ಲು ಮೇಯ್ತಿದ್ರು ಅಂತ ಊರಿಗೆಲ್ಲ ಹೇಳ್ಬರ್ತೀನಿ."

"ಬಾಯ್ಮುಚ್ಕೊಂಡಿರು. ಅವರಿಗೆ ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಎಪಿಕ್ಲೆಸ್ ಜೇನು, ದ್ರಾಕ್ಷಾರಸ ಹಿಡಿದು ಒಬ್ಬನೇ ಬಂದ. ದವಡೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಫಿಲಿನ್ನಾ ಪಕ್ಕದಲ್ಲಿ ನಿಂತಳು. ಅವನು ಮಣ್ಣಿಗೆ ರಸ ಎರೆದು ಹೆಸರು ಹೇಳತೊಡಗಿದ. ಮೆಗಾನೋರನ ಮಗ ಪಿಥಿಯೋನ್, ಪಿಥಿಯೋನನ ಮಗ ಡೆಕ್ಸಿಸ್, ಹೀಗೆ ಇಳಿಯುತ್ತಾ ಬಂದ.

"ಹದಿನಾಲ್ಕನೆಯೋನು ನಾನು. ನನ್ನ ಮಗ ಆಂಥೆಮಿಯೋನ್ ಹಡಗು ಹತ್ತಿ ಹೋದೋನು ಬರ್ಲಿಲ್ಲ. ನನ್ನ ಕಾಲ ಮುಗಿದ್ರೆ ಈ ಹೆಸರು ಹೇಳೋರೇ ಇಲ್ಲ ಅಜ್ಜ. ತಪ್ಪಾಯ್ತು."

ಸುಮ್ಮನಿದ್ದುಬಿಡಲೇ ಎಂದು ಫಿಲಿನ್ನಾಗೆ ಅನ್ನಿಸಿತು. ಆದರೆ ಗುಂಡಿ ಹೋದರೆ ಹೊಟ್ಟೆಗೇನು? ಬಟ್ಟೆ ತೆಗೆದಳು.

"ತಲೆ ಸಿಕ್ಕಿದೆ ಅಯ್ಯಾ. ಮನುಷ್ಯಂದಲ್ಲ ಇದು."

ಎಪಿಕ್ಲೆಸ್ ಬಗ್ಗಿ ನೋಡಿದ. ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿದ. ಅತ್ತುಬಿಡುತ್ತಾನೆಂದು ಅವಳು ಹೆದರಿದಳು. ಬದಲಿಗೆ ಅವನ ಮುಖ ಅರಳಿತು.

"ಕುದುರೆ," ಅಂದ. "ಮತ್ತಿನ್ನೇನು? ಹತ್ತು ಮೊಳದೋನು ನಮ್ಮ ನಿಮ್ಮ ಕುದುರೆ ಹತ್ತಕ್ಕಾಗುತ್ತಾ? ಕುದುರೆ ಇಲ್ಲಿದ್ರೆ ಅಜ್ಜನೂ ಇಲ್ಲೇ ಎಲ್ಲೋ ಇದಾನೆ."

"ಗೋಡೆ?"

"ಕುದುರೆಗ್ಯಾರು ಗೋಡೆ ಕಟ್ತಾರೆ? ಗುಡ್ಡ ಪೂರ್ತಿ ಅಗಿ. ಯಾರಾದ್ರೂ ತಡೆದ್ರೆ ನನ್ನ ಹೆಸರು ಹೇಳು."

ಬ್ರಿಸೋನ್ ನಗು ತಡೆಯಲಾರದೆ ಆವಿಗೆಯ ಹಿಂದೆ ಹೋದ. ಗುಂಡಿ ಉಳಿದಿತ್ತು, ಅವಳ ಜೀವಮಾನಕ್ಕಾಗುವಷ್ಟು. ಆದರೂ ಫಿಲಿನ್ನಾಗೆ ನಗು ಬರಲಿಲ್ಲ.

"ಅಯ್ಯಾ, ಆ ಹೆಸರುಗಳನ್ನ ನಂಗೂ ಹೇಳ್ಕೊಡಿ. ಒಂದ್ವೇಳೆ ಅಜ್ಜ ನನಗೇ ಸಿಕ್ಕಿಬಿಟ್ರೆ ಅವರ ಹತ್ರ ಏನು ಮಾತಾಡ್ಲಿ?"

ಅವನು ಅವಳನ್ನೇ ನೋಡಿದ. ಗುಂಡಿಯ ಅಂಚಿನಲ್ಲಿ ಕೂತ. ಒಂದೊಂದೇ ಹೆಸರು ಹೇಳಿದ, ಅವಳು ಹಿಂದೆಯೇ ಅಂದಳು. ಐದನೆಯದಕ್ಕೆ ತಪ್ಪಿದಳು, ಅವನು ಬೈದು ಮೊದಲಿನಿಂದ ಹೇಳಿಸಿದ. ಇಬ್ಬರೂ ಬಾರ್ಲಿರೊಟ್ಟಿ ಮುರಿದು ತಿಂದರು. ಹೊತ್ತು ನೆತ್ತಿಗೆ ಬರುವಾಗ ಹದಿನಾಲ್ಕೂ ತಪ್ಪಿಲ್ಲದೆ ಬಂದವು. ಅವನು ತಲೆಯಾಡಿಸಿ ಏಳಹೊರಟ. ಅವಳು ಮಾತ್ರ ನಿಲ್ಲಿಸಲಿಲ್ಲ.

"ಎಪಿಕ್ಲೆಸನ ಮಗ ಆಂಥೆಮಿಯೋನ್," ಅಂದಳು.

ಒಂಬತ್ತು ವರ್ಷದಿಂದ ಆ ಹೆಸರನ್ನು ಅವನು ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ. ಎದ್ದವನು ಮತ್ತೆ ಕೂತ.

"ಅದೊಂದನ್ನ ಇನ್ನೊಂದ್ಸಲ ಹೇಳಮ್ಮ," ಅಂದ.