ಮೂರು ಪಿನ್ನಿನ ಮೈಕು

ನನ್ನ ಮಗಳು ಶ್ರಾವ್ಯಾ ಮನೆಯಲ್ಲಿ ಮಾತಾಡುತ್ತಾಳೆ. ಹೊರಗಿನವರು ಒಬ್ಬರಿದ್ದರೂ ಬಾಯಿ ಬಿಡುವುದಿಲ್ಲ. ಎರಡೂ ಕಿವಿಗೆ ಶ್ರವಣಯಂತ್ರ ಸಿಕ್ಕಿಸಿಕೊಂಡ ಏಳು ವರ್ಷದ ಹುಡುಗಿಯನ್ನು ಮಾಮೂಲಿ ಶಾಲೆಗೆ ಸೇರಿಸಿಕೊಳ್ಳಬೇಕಾದರೆ ಹೆಡ್‌ಮಿಸ್ಟ್ರೆಸ್ ಅವಳ ಮಾತು ಕೇಳಲೇಬೇಕು. ಎರಡು ಶಾಲೆಗಳಲ್ಲಿ ನೆಲ ನೋಡುತ್ತ ನಿಂತು ವಾಪಸು ಬಂದಿದ್ದಳು. ಮೂರನೆಯದು ಆರ್.ಕೆ.ಪುರಂನಲ್ಲಿ, ನಮ್ಮ ಕ್ವಾರ್ಟರ್ಸಿನ ಹಿಂದಿನ ರಸ್ತೆಯಲ್ಲೇ. ಅದೂ ತಪ್ಪಿದರೆ ಆ ವರ್ಷ ಶಾಲೆಯಿಲ್ಲ.

‘ಮನೆಯಲ್ಲಿ ಮಾತಾಡುವುದನ್ನು ವಿಡಿಯೋ ಮಾಡಿ ತೋರಿಸಿ’ ಎಂದವರು ಅವಳಿಗೆ ಮಾತು ಕಲಿಸುವ ಥೆರಪಿಸ್ಟ್. ಎರಡು ವರ್ಷದ ಹಿಂದೆ ‘ಮನೆಯಲ್ಲಿ ಒಂದೇ ಭಾಷೆ ಇರಲಿ, ಹಿಂದಿ’ ಎಂದವರೂ ಅವರೇ. ಅಂದಿನಿಂದ ಮಗಳೊಂದಿಗೆ ಕನ್ನಡ ನಿಂತಿತ್ತು. ಹೆಂಡತಿ ಅಹಲ್ಯಾಳನ್ನು ಆಫೀಸಿನವರು ಗುವಾಹಟಿಗೆ ಹಾಕಿದ್ದರು. ಅಮ್ಮನ ದನಿ ಫೋನಿನಲ್ಲಿ ಮಗಳಿಗೆ ಕೇಳದು. ಇಬ್ಬರ ನಡುವೆ ರಿಸೀವರ್ ಹಿಡಿದು ನಾನು ನಿಲ್ಲುತ್ತಿದ್ದೆ, ಒಂದು ಕಡೆಯ ಕನ್ನಡವನ್ನು ಇನ್ನೊಂದು ಕಡೆ ಹಿಂದಿ ಮಾಡುತ್ತ.

ಕ್ಯಾಮೆರಾ ಕರೋಲ್ ಬಾಗಿನ ಗೋಪಿನಾಥರದ್ದು. ಅವರ ಹೋಟೆಲಿನ ಗಲ್ಲಾದ ಎದುರು ಹೋಗಿ ಕೇಳಿದೆ.

“ಎಂತ ಮಾರಾಯ್ರೇ ಚಂದ್ರಮೋಹನರೇ, ಮಾನೇಸರಿನಲ್ಲಿ ಕಾರು ಮಾಡುವುದು ಬಿಟ್ಟು ಸಿನಿಮಾಕ್ಕೆ ಇಳಿದಿರಾ?”

“ಕಾರಲ್ಲ, ಬರೀ ಬ್ರೇಕು.”

“ಅದಕ್ಕೇ ನಿಮ್ಮದು ಮಾತಿಗೊಂದು ಬ್ರೇಕು. ಕೂತ್ಕೊಳ್ಳಿ, ದೋಸೆ ತಿನ್ನಿ ಮೊದಲು.”

ಮೊದಲ ಸಲ ಕ್ಯಾಮೆರಾದ ಸ್ವಂತ ಮೈಕಿನಲ್ಲೇ ತೆಗೆದೆ. ಟೇಪು ತಿರುಗುವ ಗರಗರ ಕೇಳಿತು, ಮೇಲಿನ ಮನೆಯ ಕುಕ್ಕರು ಕೇಳಿತು, ಶ್ರಾವ್ಯಾ ಮಾತ್ರ ಬಾವಿಯೊಳಗಿಂದ ಕರೆದ ಹಾಗಿದ್ದಳು. ಗೋಪಿನಾಥರು ಅಟ್ಟದಿಂದ ಒಂದು ಕಾಲರ್ ಮೈಕು ಹುಡುಕಿ ಕೊಟ್ಟರು. ನಾಟಕಕ್ಕೆಂದು ತಂದದ್ದಂತೆ, ಒಳ್ಳೆಯದು. ಆದರೆ ಅದರ ತುದಿಯಲ್ಲಿ ಹೆಬ್ಬೆರಳು ಗಾತ್ರದ ಮೂರು ಪಿನ್ನಿನ ಪ್ಲಗ್ಗು. ಕ್ಯಾಮೆರಾದಲ್ಲಿ ಕಡಲೆಕಾಳಿನಷ್ಟು ತೂತು.

ಅದೇ ಬೀದಿಯ ಇಲೆಕ್ಟ್ರಾನಿಕ್ಸ್ ಅಂಗಡಿಯವನು ಎರಡನ್ನೂ ತಿರುಗಿಸಿ ನೋಡಿದ.

“ಭಯ್ಯಾ, ಈ ಮೈಕಿಗೆ ಕರೆಂಟು ಬೇಕು. ಕ್ಯಾಮೆರಾ ಕೊಡುವ ಎರಡು-ಮೂರು ವೋಲ್ಟು ಇದರ ಹಲ್ಲಿಗೂ ಸಾಲದು. ಇಗೋ ಅಡಾಪ್ಟರ್. ಕ್ಯಾಮೆರಾದ ಅಡಿಗೆ ತಿರುಪು ಹಾಕಿ ಕೂರಿಸಿದರೆ ಇದೇ ನಲವತ್ತೆಂಟು ವೋಲ್ಟು ಕೊಡುತ್ತದೆ.” ಊದುಬತ್ತಿ ಪೊಟ್ಟಣದಷ್ಟು ಉದ್ದದ ಕಪ್ಪು ಡಬ್ಬಿ. ಬೆಲೆ ನನ್ನ ತಿಂಗಳ ಸಂಬಳದ ಅರ್ಧ.

ಮೈಕಿನ ಪ್ಲಗ್ಗಿನ ಹಿಂದಿದ್ದ ಕೊಳವೆ ಬಿಚ್ಚಿ ತೋರಿಸಿದೆ. ಒಳಗೆ ಪೆನ್ಸಿಲ್ ಸೆಲ್ಲಿಗೆ ಜಾಗವಿತ್ತು.

“ಅಚ್ಛಾ! ಸೆಲ್ಲು ಹಾಕಿದರೆ ಇದು ತನ್ನ ಹೊಟ್ಟೆ ತಾನೇ ಹೊರೆಯುತ್ತದೆ.” ಆಮೇಲೆ ತಲೆ ಕೆರೆದುಕೊಂಡ. “ಆದರೂ ಡಬ್ಬಿಯೇ ಒಳ್ಳೆಯದು. ಕರೆಂಟು ಒಂದೇ ಅಲ್ಲ ಅದರ ಕೆಲಸ.”

“ಬರೀ ಕೇಬಲ್ ಇಲ್ವಾ?”

“ಇದೆ. ಮರ್ಜಿ ನಿಮ್ಮದು.”

ಮೂರು ಪಿನ್ನಿಂದ ಸಣ್ಣ ತೂತಿಗೆ ಹೋಗುವ ಕೇಬಲ್ ತಂದೆ, ಹೊಸ ಸೆಲ್ಲು ತಂದೆ. ಭಾನುವಾರ ಬೆಳಿಗ್ಗೆ ಫ್ಯಾನು ಆರಿಸಿ, ಮೈಕನ್ನು ಅವಳ ಫ್ರಾಕಿಗೆ ಸಿಕ್ಕಿಸಿ ಕೂರಿಸಿದೆ. ಬಾಲ್ಕನಿಗೆ ಬಂದ ಪಾರಿವಾಳ ಥೆರಪಿಸ್ಟ್ ಕೊಟ್ಟ ಹೋಂವರ್ಕಿನ ಮೇಲೆ ಏನು ಮಾಡಿತೆಂದು ನಗುತ್ತ ಹೇಳಿದಳು. ಫ್ಯಾಕ್ಟರಿಯಲ್ಲಿ ನನ್ನದು ಪರೀಕ್ಷಿಸುವ ವಿಭಾಗ. ಹೆಡ್‌ಫೋನು ಹಾಕಿಕೊಂಡು ಮೂರು ಸಲ ಪರೀಕ್ಷಿಸಿದೆ. ಎರಡೂ ಕಿವಿಯಲ್ಲಿ ಸ್ಪಷ್ಟ. ದನಿ ತಲೆಯ ನಡುವೆ ನಿಲ್ಲದೆ ಎರಡು ಪಕ್ಕಕ್ಕೆ ಹರಡಿದಂತಿತ್ತು. ಅದೂ ಚೆಂದವೇ ಅನ್ನಿಸಿತು.

ಮಂಗಳವಾರ ರಜೆ ಹಾಕಿ ಹೋದೆವು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಅವರು, ಎರಡನೇ ಕ್ಲಾಸಿನ ಟೀಚರ್ ಬತ್ರಾ ಮೇಡಂ, ಒಂದು ಹಳೆಯ ಟೀವಿ. ಒಂದೇ ಸ್ಪೀಕರ್. ಪ್ಯೂನ್ ಕ್ಯಾಮೆರಾ ವೈರಿನ ಎಡ-ಬಲ ದನಿಯ ಕೆಂಪು, ಬಿಳಿ ಪಿನ್ನುಗಳೆರಡನ್ನೂ ಕವಲಿನ ತಂತಿಯಿಂದ ಟೀವಿಯ ಒಂದೇ ತೂತಿಗೆ ಸೇರಿಸಿದ.

ಪರದೆಯ ಮೇಲೆ ಶ್ರಾವ್ಯಾ ಬಂದಳು. ತುಟಿ ಆಡಿತು, ಕೈ ಆಡಿತು, ನಕ್ಕಳು. ದನಿ ಇಲ್ಲ. ವಾಲ್ಯೂಮ್ ಏರಿಸಿದರು. ಬುಸ್ ಎಂದಿತು, ಅಷ್ಟೇ.

ಕಾರಣವನ್ನು ಅಂಗಡಿಯವನು ಆಮೇಲೆ ಹೇಳಿದ: ಆ ಕೇಬಲ್ ಒಂದೇ ದನಿಯನ್ನು ಎಡಗಿವಿಗೆ ನೆಟ್ಟಗೆ, ಬಲಗಿವಿಗೆ ತಲೆಕೆಳಗಾಗಿ ಕಳಿಸುತ್ತದೆ. ಬೇರೆ ಬೇರೆ ಕಿವಿಗೆ ಬಿದ್ದರೆ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತದೆ. ಡಬ್ಬಿ ಅದನ್ನೇ ಸರಿಮಾಡುತ್ತಿತ್ತಂತೆ. ಪ್ಯೂನ್ ಒಂದು ಪಿನ್ನು ಮರೆತಿದ್ದರೂ ಸಾಕಿತ್ತು. ಆ ಹೊತ್ತಿಗೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಚೀಲದಿಂದ ಹೆಡ್‌ಫೋನು ತೆಗೆದು ಕ್ಯಾಮೆರಾಕ್ಕೆ ಚುಚ್ಚಿ ಹೆಡ್‌ಮಿಸ್ಟ್ರೆಸ್ ಮುಂದೆ ಹಿಡಿದೆ.

“ಇದರಲ್ಲಿ ಕೇಳುತ್ತೆ ಮೇಡಂ. ದಯವಿಟ್ಟು.”

ಅವರು ಹಾಕಿಕೊಂಡರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಕೋಣೆಯಲ್ಲಿ ಅವರೊಬ್ಬರಿಗೇ ನನ್ನ ಮಗಳ ದನಿ. ನಮಗೆಲ್ಲ ಗಡಿಯಾರದ ಟಿಕ್ ಟಿಕ್. ಶ್ರಾವ್ಯಾಳಿಗೆ ಮಾತ್ರ ಟೀವಿಯಲ್ಲಿ ಏನೂ ಕೆಟ್ಟಂತೆ ಕಾಣಲಿಲ್ಲ. ಜನ ಅವಳಿಗೆ ಅರ್ಧಕ್ಕರ್ಧ ಹೀಗೆಯೇ, ತುಟಿಗಳು ಮಾತ್ರ.

ಟೇಪಿನ ಕೊನೆಗೆ ನಾನು ಬಂದೆ. ಕ್ಯಾಮೆರಾ ಆರಿಸಲು ಮರೆತಿದ್ದೆ; ಪರೀಕ್ಷಿಸುವಾಗ ಅವಳ ಮಾತು ಮುಗಿದಲ್ಲಿಗೇ ನಿಲ್ಲಿಸಿದ್ದೆ. ಶ್ರಾವ್ಯಾ ಎದ್ದು ಹೋದ ಮೇಲೆ ಖಾಲಿ ಕುರ್ಚಿಯ ಮುಂದೆ ಕೂತು ವೈರು ಸುತ್ತುತ್ತಿದ್ದೇನೆ. ಬಾಯಿ ಆಡುತ್ತಿದೆ. ಸುಮಾರು ಹೊತ್ತು ಆಡುತ್ತಿದೆ. ಏನು ಹೇಳಿಕೊಂಡೆನೋ ನೆನಪಿಲ್ಲ. ಕನ್ನಡವೇ ಇರಬೇಕು.

“ಪಾಪಾ,” ಎಂದಳು ಶ್ರಾವ್ಯಾ. “ಆಪ್ ಕಿಸ್ಸೆ ಬಾತ್ ಕರ್ ರಹೇ ಥೇ?” ಯಾರ ಹತ್ತಿರ ಮಾತಾಡುತ್ತಿದ್ದಿರಿ?

ಬತ್ರಾ ಮೇಡಂ ತಟ್ಟನೆ ತಿರುಗಿದರು. ಹೆಡ್‌ಮಿಸ್ಟ್ರೆಸ್ ಕಿವಿ ಮುಚ್ಚಿದ್ದರಿಂದ ಅವರಿಗೆ ಕೇಳಿಸಲಿಲ್ಲ. ನಾನು ಟೀವಿಯನ್ನೇ ನೋಡುತ್ತಿದ್ದೆ. ಅವಳು ನನ್ನ ತೋಳು ಜಗ್ಗಿ, ಟೀವಿಗೆ ಬೆರಳಿಟ್ಟು, ಜೋರಾಗಿ ಕೇಳಿದಳು:

“ಪಾಪಾ! ಕಮ್ರೇ ಮೇ ತೋ ಕೋಯೀ ನಹೀ ಥಾ!”

ಕೋಣೆಯಲ್ಲಿ ಯಾರೂ ಇರಲಿಲ್ಲವಲ್ಲ. ಈ ಸಲ ಹೆಡ್‌ಮಿಸ್ಟ್ರೆಸ್ ಹೆಡ್‌ಫೋನು ಕೆಳಗಿಳಿಸಿದರು.

“ಅವಳೇನಾ ಈಗ ಮಾತಾಡಿದ್ದು?”

“ಅವಳೇ. ಎರಡು ಸಲ,” ಎಂದರು ಬತ್ರಾ ಮೇಡಂ. “ನನ್ನ ಕ್ಲಾಸಿಗೆ ಕೊಡಿ. ಸುಮ್ಮನಿರುವ ಮಗು ಒಂದಾದರೂ ಬೇಡವೇ?”

“ಇದಾ ಸುಮ್ಮನಿರುವ ಮಗು?” ಹೆಡ್‌ಮಿಸ್ಟ್ರೆಸ್ ಡ್ರಾಯರ್ ಎಳೆದು ಅಡ್ಮಿಷನ್ ಫಾರ್ಮು ತೆಗೆದರು.

ನಾನು ಮಗಳ ಕಡೆ ಬಗ್ಗಿ, ತುಟಿ ಸರಿಯಾಗಿ ಕಾಣುವಂತೆ, “ಕಿಸೀಸೆ ನಹೀ, ಬೇಟಾ” ಎಂದೆ. ಯಾರ ಹತ್ತಿರವೂ ಇಲ್ಲ.

“ಝೂಟ್,” ಎಂದಳು, ಎಲ್ಲರಿಗೂ ಕೇಳುವಂತೆ. ಸುಳ್ಳು. ಮೇಡಂ ಇಬ್ಬರೂ ನಕ್ಕರು. ಪೆನ್ನು ನನ್ನ ಕೈಗೆ ಬಂತು. ಅವಳು ಮಾತ್ರ ನಗದೆ, ಉತ್ತರಕ್ಕಾಗಿ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು.